ಲೆಬ್ರಾನ್ ತಂಡದ ಆಟಗಾರನೋ, ಬಾಲ್ ಬಿಡದ ಆಟಗಾರನೋ?

ಕ್ಯಾಂಪ್ ಕೋರ್ಟ್, ಬೆಳಗಾವಿ

ಬೆಳಗಾವಿ, ಬಾಗಲಕೋಟಿ, ವಿಜಯಪುರದ ಬಾಸ್ಕೆಟ್‌ಬಾಲ್ ಮಂದಿ ಎಲ್ಲಾರೂ ಇಲ್ಲಿ ಬರ್ರಿ. ಅಮೆರಿಕದ ಎನ್‌ಬಿಎ ಲೀಗಿನ ಲೆಬ್ರಾನ್ ಜೇಮ್ಸ್ ತಂಡಕ್ಕಾಗಿ ಆಡ್ತಾನೋ, ತನಗಾಗಿ ಆಡ್ತಾನೋ ಅನ್ನೂ ವಾದ ಹತ್ತು ಕಡೆ ನಡದೈತಿ, ಒಂದ ಕಡೆ ಕೂಡಿಸಿ ಮುಗಸೂಣು.

2025ರ ಡಿಸೆಂಬರ್ 4, ಟೊರಾಂಟೊ. ನಮ್ಮ ಕಡೆ 5ರ ಮುಂಜಾನೆ. ಸ್ಕೋರ್ 120–120, ಕಡೀ ಸೆಕೆಂಡ್‌ಗಳು, ಬಾಲ್ ಲೆಬ್ರಾನ್‌ನ ತಂಡ ಲೇಕರ್ಸ್ ಕೈಯಾಗ. ಲೆಬ್ರಾನ್ ಹೆಸರಿಗೆ ಬರೇ 8 ಪಾಯಿಂಟ್. ಇನ್ನೊಂದ ಬಾಸ್ಕೆಟ್ ಹಾಕಿದ್ರ 10 ಆಕ್ಕಿತ್ತು. 2007ರ ಜನವರಿಯಿಂದ ಒಂದ ಲೀಗ್ ಮ್ಯಾಚೂ ತಪ್ಪದಂಗ ಎರಡಂಕಿ ದಾಟಿಕೊಂತ ಬಂದಾವ ಅವ. ಈ ಲೆಕ್ಕದಾಗ ಮೈಕೆಲ್ ಜೋರ್ಡಾನ್‌ದು 866 ಮ್ಯಾಚ್, ಅದನ್ನ ಇವ 2018ರಾಗ ದಾಟಿ ಮುಂದ ಹೋಗಿದ್ದ. ಬಾಲ್ ಕೈಗೆ ಬಂತು, ಕಾರ್ನರ್‌ನ್ಯಾಗ (ಕೋರ್ಟಿನ ಮೂಲ್ಯಾಗ) ಅವನ ಜೋಡಿ ಆಟಗಾರ ಹಾಚಿಮುರಾ ಮ್ಯಾಲ ಯಾರೂ ಇಲ್ಲದ ಖಾಲಿ ಇದ್ದ, ಅವಂಗ ಕೊಟ್ಟ. ಟೈಮ್ ಮುಗಿಯೂ ಬಝರ್ ಜೋಡಿ ತ್ರೀ (ದೂರದಿಂದ ಹೊಡದ ಮೂರು ಪಾಯಿಂಟಿನ ಶಾಟ್) ಬಿತ್ತು, 123–120. ಎರಡಂಕಿಯ ಸಾಲು 1,297 ಮ್ಯಾಚಿಗೆ ನಿಂತಿತು. ಅವತ್ತು ಅವನ ಅಸಿಸ್ಟ್ (ಬಾಸ್ಕೆಟ್ ಆದ ಪಾಸ್) 11.

ಇದೊಂದು ಪಾಸ್ ಅವ ನಿಸ್ವಾರ್ಥ ಆಟಗಾರ ಅನ್ನೂದಕ್ಕ ಸಾಕ್ಷಿ ಆಕ್ಕೈತೇನು? ಇಲ್ಲಾ ಇಪ್ಪತ್ತು ವರ್ಷದ ಆಟ ಬ್ಯಾರೇನ ಹೇಳ್ತೈತೇನು? ಒಂದ ಷರತ್ತು. ಯಾರ ಏನ ಹೇಳಿದ್ರೂ ಮ್ಯಾಚ್ ಯಾವುದು, ಸ್ಕೋರ್ ಎಷ್ಟಿತ್ತು, ಬಾಲ್ ಎಲ್ಲಿತ್ತು ಹೇಳಬೇಕು. ಬರೇ "ಅವ ರಾಜಾ" ಅನ್ನೂದು ಬ್ಯಾಡ.

ನವನಗರ 23, ಬಾಗಲಕೋಟೆ

ಅಣ್ಣಾ, ಒಂದ ಪಾಸ್ ನೋಡಿ ತೀರ್ಪು ಕೊಡಬ್ಯಾಡ್ರಿ. ಅವನ ಜೋಡಿ ಆಡಿದವರ ಗತಿ ಏನಾತು ಅದನ್ನ ನೋಡ್ರಿ.

ಕೆವಿನ್ ಲವ್ 2013–14ರಾಗ ಮಿನೆಸೋಟಾದಾಗ ಮ್ಯಾಚಿಗೆ 26.1 ಪಾಯಿಂಟ್, 12.5 ರಿಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯೂದು). ಮುಂದಿನ ವರ್ಷ ಲೆಬ್ರಾನ್ ಇದ್ದ ಕ್ಲೀವ್‌ಲ್ಯಾಂಡಿಗೆ ಬಂದ, 16.4 ಆತು. ಕ್ರಿಸ್ ಬಾಷ್ ಟೊರಾಂಟೊದಾಗ 24.0 ಇದ್ದಾವ ಲೆಬ್ರಾನ್ ಜೋಡಿ ಮಯಾಮಿಗೆ ಬಂದ ವರ್ಷ 18.7. ಇಬ್ಬರೂ ರಿಂಗಿನ ಹತ್ರ, ಎಲ್ಬೋ (ಫ್ರೀ ಥ್ರೋ ಗೆರಿಯ ಮೂಲಿ) ಹತ್ರ ಬಾಲ್ ತಗೊಂಡು ಆಡಾವ್ರು. ಇವನ ಜೋಡಿ ಬಂದ ಮ್ಯಾಲ ಇಬ್ಬರ ಕೆಲಸಾನೂ ಒಂದ: ತ್ರೀ ಲೈನ್ ಹೊರಗ ನಿಂತು, ಅವ ಡ್ರೈವ್ ಮಾಡಿ (ಬಾಲ್ ಹಿಡದು ರಿಂಗಿನ ಕಡೆ ನುಗ್ಗಿ) ಒಗದ ಬಾಲ್‌ಗೆ ಕಾಯೂದು. ಅಸಿಸ್ಟ್ ಅವನ ಖಾತೆಗೆ, ಕಾಯೂ ಕೆಲಸ ಇವರ ಪಾಲಿಗೆ. ಪಾಸ್ ಕೊಡೂದು, ಹಂಚಿಕೊಂಡು ಆಡೂದು ಎರಡೂ ಒಂದ ಅಲ್ಲ.

2023ರ ಫೆಬ್ರವರಿ 7 ತಗೋರಿ. ಕರೀಮ್ ಅಬ್ದುಲ್ ಜಬ್ಬಾರ್‌ನ 38,387 ಪಾಯಿಂಟಿನ ಎನ್‌ಬಿಎ ದಾಖಲೆ ದಾಟಿದ ರಾತ್ರಿ. ಆಟ ನಿಲ್ಲಿಸಿ ಸಮಾರಂಭ ಆತು. ಮ್ಯಾಚ್ ಒಕ್ಲಹೋಮಾಕ್ಕ 133–130 ಸೋತ್ರು.

ಗುಮ್ಮಟನಾಡು, ವಿಜಯಪುರ

ನವನಗರದ ತಮ್ಮಾ, ಅರ್ಧ ಲೆಕ್ಕ ಹೇಳ್ಲಿಕತ್ತೀ. ಬಾಷ್ ಇಳಿದದ್ದು ಹೇಳಿದಿ, ಲೆಬ್ರಾನ್ ತಾನೂ 29.7ರಿಂದ 26.7ಕ್ಕ ಇಳಿದದ್ದು ಬಿಟ್ಟಿ. ಅದ ಮಯಾಮಿಯ ವೇಡ್ 26.6ರಿಂದ 25.5. ಇರೂದು ಒಂದ ಬಾಲ್. ಮೂರು ಮಂದಿ ಮೊದಲನೇ ಕುರ್ಚಿಯವರು ಒಂದ ಮನ್ಯಾಗ ಬಂದ್ರ ಎಲ್ಲಾರ ಪಾಲೂ ಕಡಿಮಿ ಆಗತದ.

ಆ ಮೂವರೂ 2010ರಾಗ ಪೂರಾ ಸಂಬಳ ತಗೊಳ್ಳದ ಸಹಿ ಮಾಡಿದ್ರು. ಲೆಬ್ರಾನ್, ಬಾಷ್ ಇಬ್ಬರೂ ಆರು ವರ್ಷಕ್ಕ ಸುಮಾರು 110 ಮಿಲಿಯನ್ ಡಾಲರಿಗೆ ಒಪ್ಪಿಕೊಂಡ್ರು, ಗರಿಷ್ಠಕ್ಕಿಂತ ಅದು 15 ಮಿಲಿಯನ್ ಹತ್ರ ಕಡಿಮಿ. ಎನ್‌ಬಿಎದಾಗ ತಂಡದ ಸಂಬಳಕ್ಕ ಮಿತಿ ಅದ. ಒಬ್ಬ ಬಿಟ್ಟ ರೊಕ್ಕ ಮತ್ತೊಬ್ಬನಿಗೆ ಜಾಗಾ ಮಾಡತದ. ಮೈಕ್ ಮಿಲ್ಲರ್ ಅಂಥಾ ಶೂಟರ್ ಬಂದದ್ದು ಆ ಜಾಗಾದಾಗ. 2012, 2013 ಎರಡು ಪ್ರಶಸ್ತಿ ಬಂದ್ವು. ಲವ್‌ಗೂ 2016ರಾಗ ಬಂತು.

ನವನಗರ 23, ಬಾಗಲಕೋಟೆ

ಪ್ರಶಸ್ತಿ ಬಂತು ಅಂದ್ರ ನಿಸ್ವಾರ್ಥ ಅಂತ ಆಗೂದಿಲ್ಲ, ಕಾಕಾ. ಗೆಲ್ಲಾಕ ಬಾಲ್ ಅವನ ಕೈಯಾಗ ಇರಬೇಕಾಗಿತ್ತು ಅಂತ ಆಕ್ಕೈತಿ, ಅಷ್ಟ.

ಲೆಕ್ಕದ ಗಾರ್ಡ್, ಬೆಳಗಾವಿ

ಕೊನೆಯ ಗಳಿಗೆಯಲ್ಲಿ ಅವನು ಕೊಟ್ಟ ಪಾಸ್‌ಗಳ ಬಗ್ಗೆಯೇ ಹೆಚ್ಚು ಬೈಗುಳ ಇರುವುದು. "ದೊಡ್ಡ ಆಟಗಾರ ತಾನೇ ಹೊಡೀಬೇಕಿತ್ತು" ಅನ್ನುತ್ತಾರೆ. ಅಂಥ ನಾಲ್ಕು ಪಾಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೇಲ್ನೋಟಕ್ಕೆ ನಾಲ್ಕೂ ಒಂದೇ ಥರದ ಪಾಸ್, ಆದರೆ ಸ್ಕೋರ್ ಬೇರೆ ಇದ್ದುದರಿಂದ ಲೆಕ್ಕ ನಾಲ್ಕು ಥರ.

ಮೊದಲನೆಯದು 2007, ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಎನ್‌ಬಿಎ ಫೈನಲ್‌ಗೆ ಮುಂಚಿನ ಸುತ್ತಿನ) ಮೊದಲ ಮ್ಯಾಚ್, ಡೆಟ್ರಾಯಿಟ್‌ನಲ್ಲಿ. ಕ್ಲೀವ್‌ಲ್ಯಾಂಡ್ 2 ಪಾಯಿಂಟ್ ಹಿಂದೆ. ಲೆಬ್ರಾನ್ ಡ್ರೈವ್ ಮಾಡಿದ, ಸಹಾಯಕ್ಕೆ ಡಿಫೆಂಡರ್ ಬಂದ, ಕಾರ್ನರ್‌ನಲ್ಲಿ ಡೊನೆಲ್ ಮಾರ್ಷಲ್‌ಗೆ ಬಾಲ್ ಕೊಟ್ಟ. ತ್ರೀ ತಪ್ಪಿತು, 79–76 ಸೋಲು. ತಾನೇ ಲೇಅಪ್ (ರಿಂಗಿನ ಹತ್ತಿರದ ಶಾಟ್) ಹಾಕಿ ಬಿದ್ದಿದ್ದರೆ ಸಮ ಆಗಿ ಓವರ್‌ಟೈಮ್ (ಹೆಚ್ಚುವರಿ ಆಟ). ಎದುರಾಳಿಯ ಮನೆಯಂಗಳದಲ್ಲಿ ಓವರ್‌ಟೈಮ್ ಗೆಲ್ಲುವ ಸಾಧ್ಯತೆ ಹೆಚ್ಚೆಂದರೆ ಅರ್ಧ ಅಂತ ಇಟ್ಟುಕೊಳ್ಳಿ. ಕೈ ಅಡ್ಡ ಇದ್ದ ಲೇಅಪ್ 55% ಬೀಳುತ್ತದೆ ಅಂದರೂ ಗೆಲುವಿನ ಸಾಧ್ಯತೆ 27–28%. ಖಾಲಿ ಕಾರ್ನರ್ ತ್ರೀ 38% ಅಂದರೆ ಗೆಲುವೂ ಸುಮಾರು 38%. ಈ ಶೇಕಡಾಗಳು ಉದಾಹರಣೆಗೆ ನಾನು ಹಿಡಿದದ್ದು. ಲೇಅಪ್ಪನ್ನು 70% ಅಂತ ಹಿಡಿದರೂ ಅರ್ಧ ಮಾಡಿದಾಗ 35%. ಮಾರ್ಷಲ್ ಹಿಂದಿನ ಮ್ಯಾಚ್‌ನಲ್ಲಿ ನೆಟ್ಸ್ ವಿರುದ್ಧ ಆರು ತ್ರೀ ಹಾಕಿ ಬಂದಿದ್ದ. ಆ ಪಾಸ್ ಸರಿ.

ಎರಡನೆಯದು 2017ರ ಫೈನಲ್, ಮೂರನೇ ಮ್ಯಾಚ್. ಕ್ಲೀವ್‌ಲ್ಯಾಂಡ್ 113–111 ಮುಂದೆ, ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿತ್ತು. ಮತ್ತೆ ಡ್ರೈವ್, ಮತ್ತೆ ಕಾರ್ನರ್, ಈ ಸಲ ಕೈಲ್ ಕಾರ್ವರ್. ತಪ್ಪಿತು, ಎದುರಾಳಿ ಗೋಲ್ಡನ್ ಸ್ಟೇಟ್‌ನ ಡುರಾಂಟ್ ಮರುಕ್ಷಣ ಬಂದು ತ್ರೀ ಹಾಕಿದ, 118–113 ಮುಗಿಯಿತು. ಇಲ್ಲಿ ನನಗೆ ತಕರಾರಿದೆ. 2 ಮುಂದೆ ಇದ್ದಾಗ ಎರಡು ಹಾಕಿದರೆ ಅಂತರ 4, ಮೂರು ಹಾಕಿದರೆ 5. ಎರಡರಲ್ಲೂ ಎದುರಾಳಿಗೆ ಎರಡು ಸಲ ಸ್ಕೋರ್ ಮಾಡಲೇಬೇಕು, ಹಾಗಾಗಿ ಮೂರನೇ ಪಾಯಿಂಟಿಗೆ ಹೆಚ್ಚಿನ ಬೆಲೆ ಇಲ್ಲ. ಯಾವ ಶಾಟ್ ಬೀಳುವ ಸಾಧ್ಯತೆ ಜಾಸ್ತಿ, ಎಷ್ಟು ಹೊತ್ತು ಕಳೆಯಬಹುದು ಎಂಬುದೇ ಮುಖ್ಯ. ಕಾರ್ವರ್ ತನ್ನ ವೃತ್ತಿಯುದ್ದಕ್ಕೂ ತ್ರೀಯಲ್ಲಿ 42.9% ಇದ್ದವನು, ಅಂಥವನಿಗೆ ಕೊಡುವುದು ಕೆಟ್ಟ ನಿರ್ಧಾರ ಅನ್ನಲಾರೆ. ಆದರೆ ರಿಂಗಿನ ಹತ್ತಿರ ಹೋಗಿ ಫೌಲ್ ತೆಗೆದುಕೊಳ್ಳುವುದು ಇದಕ್ಕಿಂತ ಕಡಿಮೆಯದಲ್ಲ.

ಮೂರನೆಯದು 2020ರ ಫೈನಲ್, ಐದನೇ ಮ್ಯಾಚ್. ಲೇಕರ್ಸ್ 109–108 ಹಿಂದೆ. ಲೆಬ್ರಾನ್ ಆಗಲೇ 40 ಪಾಯಿಂಟ್ ಹಾಕಿದ್ದ. ಒಳಗೆ ನುಗ್ಗಿದಾಗ ಮಯಾಮಿಯವರು ಮುತ್ತಿದರು, ಹೊರಗೆ ಡ್ಯಾನಿ ಗ್ರೀನ್ ಪೂರ್ತಿ ಖಾಲಿ. ಕೊಟ್ಟ, ಶಾಟ್ ಗಿಡ್ಡವಾಗಿ ತಪ್ಪಿತು, 111–108 ಸೋಲು. 1 ಹಿಂದೆ ಇದ್ದಾಗ ಎರಡೂ ಮೂರೂ ಒಂದೇ. ಗ್ರೀನ್ ಆ ಹಂಗಾಮಿನ ಲೀಗ್ ಮ್ಯಾಚ್‌ಗಳಲ್ಲಿ 37%ರ ಆಸುಪಾಸು. ಇಬ್ಬರು ಮೂವರ ನಡುವಿನ ಶಾಟ್ ಕೂಡ ಅಷ್ಟೇ ಇರಬಹುದು, ಫೌಲ್ ಸಿಗುವ ಆಸೆ ಸೇರಿಸಿದರೆ ಸ್ವಲ್ಪ ಹೆಚ್ಚು. ತಕ್ಕಡಿ ಹೆಚ್ಚುಕಡಿಮೆ ಸಮ. ಇಲ್ಲಿ ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗ್ರೀನ್ ತಪ್ಪಿದ ಮೇಲೂ ರಿಬೌಂಡ್ ಮಾರ್ಕೀಫ್ ಮಾರಿಸ್‌ಗೇ ಸಿಕ್ಕಿತ್ತು. ಎಲ್ಲರೂ ಲೆಬ್ರಾನ್ ಸುತ್ತ ಇದ್ದುದರಿಂದ ಲೇಕರ್ಸ್‌ಗೆ ಎರಡನೇ ಅವಕಾಶ ಬಂತು. ಮಾರಿಸ್ ಪಾಸನ್ನು ಹೊರಗೆ ಎಸೆದದ್ದು ಬೇರೆ ಮಾತು. ಮುಂದಿನ ಮ್ಯಾಚ್ 106–93 ಗೆದ್ದು ಪ್ರಶಸ್ತಿ ತೆಗೆದುಕೊಂಡರು.

ನಾಲ್ಕನೆಯದು ಕ್ಯಾಂಪ್ ಕೋರ್ಟ್ ಹೇಳಿದ ಟೊರಾಂಟೊ. ಸಮ ಸ್ಕೋರ್, ಬಿದ್ದರೆ ಗೆಲುವು, ತಪ್ಪಿದರೆ ಓವರ್‌ಟೈಮ್. ಆವತ್ತು ಲೆಬ್ರಾನ್ 17 ಶಾಟ್‌ನಲ್ಲಿ 4. ಹಾಚಿಮುರಾ ಹಿಂದಿನ ಎರಡು ಹಂಗಾಮಿನಲ್ಲಿ ತ್ರೀ 40%ಕ್ಕಿಂತ ಮೇಲೆ. ಇದರಲ್ಲಿ ವಾದವೇ ಇಲ್ಲ.

ನಾಲ್ಕರಲ್ಲಿ ಮೂರು ತಪ್ಪಿದವು, ಒಂದು ಬಿತ್ತು. ಬಿದ್ದದ್ದಕ್ಕೆ ಹೊಗಳಿಕೆ, ತಪ್ಪಿದ್ದಕ್ಕೆ ಹೇಡಿ ಎಂಬ ಹೆಸರು. 1997ರ ಫೈನಲ್‌ನ ಆರನೇ ಮ್ಯಾಚ್‌ನಲ್ಲಿ ಜೋರ್ಡಾನ್ ಸ್ಟೀವ್ ಕೆರ್‌ಗೆ ಕೊಟ್ಟದ್ದೂ ಇದೇ ಪಾಸ್. ಡಬಲ್ ಬಂತು (ಇಬ್ಬರು ಮುತ್ತಿದರು), ಬಾಲ್ ಖಾಲಿ ಇದ್ದವನಿಗೆ ಹೋಯಿತು, ಬಿತ್ತು, 90–86. ಕೆರ್ ತಪ್ಪಿಸಿದ್ದರೆ ನಾವು ಜೋರ್ಡಾನ್ ಬಗ್ಗೆ ಏನು ಮಾತಾಡುತ್ತಿದ್ದೆವೋ ಯೋಚಿಸಿ.

ಗುಮ್ಮಟನಾಡು, ವಿಜಯಪುರ

ಇದನ್ನ ಮ್ಯಾಲ ಪಿನ್ ಮಾಡ್ರಿ ಯಾರರೆ.

ಘಟಪ್ರಭಾ ಫಾರ್ವರ್ಡ್, ಗೋಕಾಕ

ಅದೇ 2007ರ ಸರಣಿಯ ಐದನೇ ಮ್ಯಾಚ್ ಸೇರಿಸಿಕೊಳ್ಳದೆ ಇದು ಪೂರ್ತಿ ಆಗುವುದಿಲ್ಲ. 109–107, ಎರಡು ಓವರ್‌ಟೈಮ್. ಲೆಬ್ರಾನ್ 48. ತಂಡದ ಕೊನೆಯ 30 ಪಾಯಿಂಟ್‌ಗಳಲ್ಲಿ 29 ಅವನವು, ಕೊನೆಯ 25 ಸಾಲಾಗಿ ಅವನೊಬ್ಬನವು. ಬರೀ ಸ್ಕೋರ್‌ಶೀಟ್ ನೋಡಿದವರು ಇಂಥ ಸ್ವಾರ್ಥಿ ಇಲ್ಲ ಅಂತಾರೆ. ಆದರೆ ವಿಡಿಯೊ ನೋಡಿ. ಡೆಟ್ರಾಯಿಟ್ ಬಹಳಷ್ಟು ಸಲ ಅವನ ಮೇಲೆ ಒಬ್ಬನನ್ನೇ ಬಿಟ್ಟಿತ್ತು. ಒಬ್ಬನೇ ಇದ್ದಾಗ ಬೇರೆ ಯಾರೂ ಖಾಲಿ ಇರುವುದಿಲ್ಲ, ಎಲ್ಲರ ಮೇಲೂ ಒಬ್ಬೊಬ್ಬ ಇರುತ್ತಾನೆ. ಆಗ ಪಾಸ್ ಮಾಡುವುದು ಹೊಣೆ ಜಾರಿಸಿದ ಹಾಗೆ.

ಒಂದೇ ಸರಣಿಯಲ್ಲಿ ಮೊದಲ ಮ್ಯಾಚ್‌ಗೆ ಪಾಸ್, ಐದನೇ ಮ್ಯಾಚ್‌ಗೆ ತಾನೇ ಹೊಡೆತ. ಎರಡಕ್ಕೂ ಸೂತ್ರ ಒಂದೇ: ಇಬ್ಬರು ಬಂದರೆ ಕೊಡು, ಒಬ್ಬನಿದ್ದರೆ ಹೊಡಿ. ನಿಸ್ವಾರ್ಥ ಅಂದರೆ ನನ್ನ ಪ್ರಕಾರ ಇಷ್ಟೇ. ಶಾಟ್ ಎಷ್ಟು, ಪಾಸ್ ಎಷ್ಟು ಎಂಬ ಎಣಿಕೆಯಿಂದ ಇದು ಹೊರಬೀಳುವುದಿಲ್ಲ.

ನವನಗರ 23, ಬಾಗಲಕೋಟೆ

ಪಾಸ್ ವಿಷಯದಾಗ ಒಪ್ಪೂಣು, ಅವನ ಕಣ್ಣು ಛಲೋ ಐತಿ. ಬಾಲ್ ಕೈಯಾಗ ಇರಲಾರದಾಗ ಏನ್ ಮಾಡ್ತಾನ ಅದನ್ನ ಹೇಳ್ರಿ.

ಅವ ಲೇಅಪ್ ತಪ್ಪಿಸಿ ರೆಫರಿ ಕಡೆ ಕೈ ಎತ್ತಿ ನಿಂದರೂದನ್ನ ಎಲ್ಲಾರೂ ನೋಡೀರಿ. ಅವ ನಿಂತ ಎರಡ ಸೆಕೆಂಡಿನ್ಯಾಗ ಆ ಕಡೆ ಐದು ಮಂದಿ, ಈ ಕಡೆ ನಾಲ್ಕು. ಬಾಲ್ ಹಿಡದಾವನ ಮ್ಯಾಲ ಒಬ್ಬ ಬರ್ತಾನ, ಇಬ್ಬರು ರಿಂಗಿನ ಹತ್ರ ಇಳೀತಾರ, ಉಳದಾವ ಒಬ್ಬ. ಅವ ಒಬ್ಬನ ಎರಡೂ ಕಾರ್ನರ್ ಕಾಯಬೇಕು. ಯಾವ ಕಡೆ ಹೋದ್ರೂ ಇನ್ನೊಂದ ಕಡೆ ತ್ರೀ ಖಾಲಿ. ಟಿವಿಯಾಗ ಆ ಬಾಸ್ಕೆಟ್ ಬಿದ್ದಾಗ ಕಾರ್ನರ್‌ನ ಡಿಫೆಂಡರ್‌ನ ತಪ್ಪು ಅನ್ನಿಸ್ತೈತಿ. ಖರೇ ತಪ್ಪು ಮ್ಯಾಲ ನಿಂತಾವಂದು. ಇದು ಯಾವ ಅಂಕಿಯಾಗೂ ಅವನ ಹೆಸರಿಗೆ ಬರೂದಿಲ್ಲ.

ಎರಡನೇದು 2018ರ ಫೈನಲ್, ಮೊದಲನೇ ಮ್ಯಾಚ್. 51 ಪಾಯಿಂಟ್ ಹಾಕಿದ. 1 ಹಿಂದ ಇದ್ದಾಗ ಕಟ್ ಮಾಡಿದ ಜಾರ್ಜ್ ಹಿಲ್‌ಗೆ ಪಾಸ್ ಕೊಟ್ಟ, ಹಿಲ್‌ಗೆ ಫೌಲ್ ಸಿಕ್ತು, 4.7 ಸೆಕೆಂಡ್ ಉಳದಿತ್ತು. ಹಿಲ್ ಮೊದಲನೇ ಫ್ರೀ ಥ್ರೋ ಹಾಕಿದ, ಎರಡನೇದು ತಪ್ಪಿಸಿದ. ಜೆ.ಆರ್. ಸ್ಮಿತ್ ರಿಬೌಂಡ್ ತಗೊಂಡು ಬಾಲ್ ಹೊರಗ ಒಯ್ದ, ಟೈಮ್ ಮುಗೀತು. ಓವರ್‌ಟೈಮ್‌ನ್ಯಾಗ 124–114 ಸೋಲು. ಸಿಟ್ಟು ಬರೂದು ಸಹಜ. ಆದ್ರ ಮ್ಯಾಚ್ ಆದ ಮ್ಯಾಲ ಸಿಟ್ಟಿಗೆ ಕೈ ಗುದ್ದಿ ತಾನ ಗಾಯ ಮಾಡಿಕೊಂಡ, ಉಳದ ಮೂರು ಮ್ಯಾಚ್ ಆ ಕೈಲೇ ಆಡಿದೆ ಅಂತ ಅವನ ಹೇಳ್ಯಾನ. ತಂಡ ತನ್ನ ಮ್ಯಾಲ ನಿಂತೈತಿ ಅಂತ ಗೊತ್ತಿದ್ದಾವ ಹಂಗ ಮಾಡಬಾರದಿತ್ತು. 4–0 ಸೋತ್ರು.

ಕ್ಯಾಂಪ್ ಕೋರ್ಟ್, ಬೆಳಗಾವಿ

ರೆಫರಿ ಕಡೆ ನಿಂದರೂದು ಖರೇನ ಐತಿ, ಅದಕ್ಕ ಉತ್ತರ ಇಲ್ಲ. ಆದ್ರ 2016ರ ಫೈನಲ್‌ನ ಏಳನೇ ಮ್ಯಾಚೂ ನೆನಸ್ರಿ. 89–89, ಎರಡ ನಿಮಿಷದ ಒಳಗ. ಗೋಲ್ಡನ್ ಸ್ಟೇಟ್‌ನ ಇಗುಡಾಲಾ ಓಡಿಕೊಂತ ಲೇಅಪ್‌ಗೆ ಏರಿದ, ಲೆಬ್ರಾನ್ ಹಿಂದಿನಿಂದ ಓಡಿ ಬಂದು ಬೋರ್ಡಿಗೆ ಹಚ್ಚಿ ತಡದ. ಅವ ಓಡದಿದ್ರ ಆ ಎರಡು ಪಾಯಿಂಟ್ ಹೋಗ್ತಿದ್ವು. ಮುಂದ ಗೆಲ್ಲಿಸಿದ ತ್ರೀ ಹಾಕಿದಾವ ಕೈರಿ ಇರ್ವಿಂಗ್, ಆಗ ಬಾಲ್ ಕೈರಿ ಕೈಯಾಗ ಬಿಟ್ಟು ಕೊಟ್ಟಿದ್ರು. 93–89. ಆ ಸರಣಿಯಾಗ ಎರಡೂ ತಂಡ ಸೇರಿ ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದರಾಗೂ ಅವನ ಮೊದಲು.

ಗುಮ್ಮಟನಾಡು, ವಿಜಯಪುರ

ಹಂಗಂದ್ರ 2014ರ ಫೈನಲ್ ಹೇಳ್ಬೇಕಾಗತದ, ನನ್ನ ಪಕ್ಷಕ್ಕ ಅದು ಒಳ್ಳೇದಲ್ಲದಿದ್ರೂ. ಸ್ಯಾನ್ ಆಂಟೋನಿಯೊ ಲೆಬ್ರಾನ್‌ನ ಮಯಾಮಿಯನ್ನ 4–1 ಸೋಲಿಸಿತು. ಗೆದ್ದ ನಾಲ್ಕೂ ಮ್ಯಾಚ್ 15 ಅಥವಾ ಅದಕ್ಕಿಂತ ಹೆಚ್ಚಿನ ಅಂತರ. ಅವರ ಬಾಲ್ ಎಲ್ಲಿಯೂ ನಿಲ್ಲಲಿಲ್ಲ. ಕ್ಯಾಚ್, ಒಂದ ಕ್ಷಣದಾಗ ಪಾಸ್ ಇಲ್ಲಾ ಡ್ರೈವ್ ಇಲ್ಲಾ ಶಾಟ್. ಡಿಫೆನ್ಸ್ ಒಂದ ಸಲ ಸರದು ವಾಪಸ್ ಬರೂದ್ರಾಗ ಎರಡನೇ ಪಾಸ್ ಹೋಗಿರ್ತಿತ್ತು. ಮಯಾಮಿ ಗೆದ್ದ ಎರಡನೇ ಮ್ಯಾಚ್, 98–96, ಅದರಾಗೂ ಕಡೀಕ ಮುಂದ ತಂದದ್ದು ಬಾಷ್‌ನ ಕಾರ್ನರ್ ತ್ರೀ, ಪಾಸ್ ಲೆಬ್ರಾನ್‌ದು.

ಲೆಬ್ರಾನ್ ಇರೂ ತಂಡದಾಗ ಮೊದಲನೇ ಪಾಸ್ ಭಾಳ ಛಲೋ ಇರತದ, ಎರಡನೇ ಮೂರನೇ ಪಾಸ್ ಕಡಿಮಿ. ಅವ ಎಲ್ಲಾ ಡಿಫೆಂಡರನ್ನೂ ತಾನ ಕೂಡಿಸಿ, ಒಬ್ಬಂಗ ಪೂರಾ ಖಾಲಿ ಶಾಟ್ ಮಾಡಿಕೊಡ್ತಾನ. ಪಾಸ್ ಸಿಕ್ಕಾಂವ ಹೊಡೀಲೇಬೇಕು. ಅದಕ್ಕ ಶೂಟರ್ ಇದ್ದ ವರ್ಷ ಗೆಲ್ತಾನ, ಇರಲಾರದ ವರ್ಷ ಇವನ ಪಾಸ್‌ಗಳು ನೀರಿನ್ಯಾಗ ಹೋಗ್ತಾವ. ನನಗ ಇದು ಸ್ವಾರ್ಥ ಅನಸೂದಿಲ್ಲ. ಆಟದ ಪದ್ಧತಿ ಇದು, ಇದರಾಗ ಕೊರತಿ ಅದ ಅನ್ನೂದು ಖರೇ.

ದೈಹಿಕ ಶಿಕ್ಷಕಿ, ವಿಜಯಪುರ

ಈ ಚರ್ಚೆ ನೋಡಿ ನಮ್ಮ ಹುಡುಗರು ಹುಡುಗಿಯರು ಕಲಿಯುವುದೇನು ಎಂಬುದು ನನ್ನ ಚಿಂತೆ. ತಾಲ್ಲೂಕು ದಸರಾ ಕ್ರೀಡಾಕೂಟದಿಂದ ಹಿಡಿದು ಅಂತರ ಕಾಲೇಜು ಪಂದ್ಯದವರೆಗೆ ಎಲ್ಲ ಕಡೆ ಈ ಡ್ರೈವ್ ಮಾಡಿ ಹೊರಗೆ ಒಗೆಯುವ ಆಟದ ನಕಲು ನಡೆದಿದೆ. ಹತ್ತರಲ್ಲಿ ಏಳೆಂಟು ಸಲ ಬಾಲ್ ಎದುರಾಳಿ ಕೈ ಸೇರುತ್ತದೆ. ಆಗ ಕೋಚ್ ಹುಡುಗನಿಗೆ "ಸ್ವಾರ್ಥಿ" ಎಂದೋ "ಪಾಸ್ ಬರಲ್ಲ" ಎಂದೋ ಬೈಯುತ್ತಾರೆ. ತಪ್ಪು ಬಹಳ ಸಲ ಬೇರೆ ಕಡೆ ಇರುತ್ತದೆ.

ಮುಖ್ಯ ಕಾರಣ ನಿಯಮ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್ (ರಿಂಗಿನ ಮುಂದಿನ ಗುರುತಿನ ಜಾಗ) ಒಳಗೆ 3 ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ, ನಿಂತರೆ ಟೆಕ್ನಿಕಲ್ ಫೌಲ್. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಡಿಫೆಂಡರ್‌ಗೆ ಈ ತಡೆ ಇಲ್ಲ. ಎದುರು ತಂಡದ ಎತ್ತರದ ಹುಡುಗ ಇಡೀ ಪೊಸೆಷನ್ (ಒಂದು ತಂಡದ ಕೈಯಲ್ಲಿ ಬಾಲ್ ಇರುವ ಒಂದು ಸರದಿ) ರಿಂಗಿನ ಕೆಳಗೇ ನಿಲ್ಲಬಹುದು. ಲೆಬ್ರಾನ್ ನುಗ್ಗಿದಾಗ ಸಹಾಯದ ಡಿಫೆಂಡರ್ ಕಾರ್ನರ್‌ನಿಂದ ಹೊರಟು ಬರಬೇಕು, ಅದಕ್ಕೇ ಕಾರ್ನರ್ ಖಾಲಿ ಆಗುವುದು. ನಮ್ಮಲ್ಲಿ ಅವನು ಮೊದಲೇ ಅಲ್ಲಿ ನಿಂತಿರುತ್ತಾನೆ, ಕಾರ್ನರ್‌ನವನು ಜಾಗ ಬಿಡಬೇಕಾಗಿಲ್ಲ. ಅದರ ಪರಿಹಾರ ಎದುರಿನ ಎತ್ತರದವನನ್ನು ಹೊರಗೆ ಎಳೆಯುವುದು: ನಮ್ಮ ಸೆಂಟರ್ ಫ್ರೀ ಥ್ರೋ ಲೈನಿನ ಮೇಲೆ ಬಂದು ನಿಲ್ಲಬೇಕು, ಅಲ್ಲಿಂದ ಶಾಟ್ ಹಾಕುವ ಧೈರ್ಯ ಇರಬೇಕು. ಹಾಕಲಾರದವನಾದರೆ ಡಿಫೆಂಡರ್ ಅವನ ಹಿಂದೆ ಬರುವುದೇ ಇಲ್ಲ.

ಇನ್ನೊಂದು ಎತ್ತರ. ಲೆಬ್ರಾನ್ 6 ಅಡಿ 9 ಇಂಚು. ಓಡುತ್ತಲೇ ಒಂದೇ ಕೈಯಿಂದ ಎಲ್ಲರ ತಲೆ ಮೇಲಿಂದ ಎದುರು ಕಾರ್ನರ್‌ಗೆ ಒಗೆಯುತ್ತಾನೆ. 5 ಅಡಿ 7 ಇಂಚಿನ ಹುಡುಗ ಅದನ್ನೇ ಮಾಡಿದರೆ ಪಾಸ್ ಮೇಲೆ ತೇಲುತ್ತದೆ, ನಡುವಿನವನು ಕೈ ಚಾಚಿ ಹಿಡಿಯುತ್ತಾನೆ. ನಮ್ಮವರಿಗೆ ಕಲಿಸಬೇಕಾದದ್ದು ಎರಡು ಕಾಲಿನ ಜಂಪ್ ಸ್ಟಾಪ್. ರಿಂಗಿಗೆ ಪೂರ್ತಿ ತಲುಪುವ ಮೊದಲು, ಕೊನೆಯ ಡ್ರಿಬಲ್‌ಗಿಂತ ಒಂದು ಡ್ರಿಬಲ್ ಮುಂಚೆಯೇ ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲಬೇಕು. ಸಹಾಯಕ್ಕೆ ಬರುವವನ ಕಾಲು ನೋಡಬೇಕು. ಅವನ ಎರಡೂ ಕಾಲು ಪೇಂಟ್ ಒಳಗೆ ಬಂದವು ಅಂದರೆ ಅವನು ಬಿಟ್ಟುಬಂದ ಮನುಷ್ಯ ಖಾಲಿ. ಪಿವಟ್ ತಿರುಗಿ (ಒಂದು ಕಾಲು ಊರಿಕೊಂಡೇ), ಅವನ ಮೊಣಕಾಲಿನ ಪಕ್ಕದಿಂದ ಬೌನ್ಸ್ ಪಾಸ್. ಗಾಳಿಯಲ್ಲಿ ಹಾರಿದ ಮೇಲೆ ಯಾರಿಗೆ ಕೊಡಲಿ ಎಂದು ಹುಡುಕುವವನು ಎರಡು ರೀತಿ ಕೆಡುತ್ತಾನೆ, ಒಂದೋ ನಿಂತ ಡಿಫೆಂಡರ್‌ಗೆ ಗುದ್ದಿ ಚಾರ್ಜ್ ಫೌಲ್, ಇಲ್ಲವೇ ಗಾಬರಿಯ ಪಾಸ್.

ಬಾಲ್ ಪಡೆಯುವವನ ಕೆಲಸವೂ ಅಷ್ಟೇ ಇದೆ. ಬಾಲ್ ಬರುವ ಮೊದಲೇ ಮೊಣಕಾಲು ಬಗ್ಗಿರಬೇಕು, ಕೈ ಎದೆಯ ಮುಂದೆ ತೋರಿಸಿರಬೇಕು. ಪಾಸ್ ಮೊಣಕಾಲಿಗೆ ಬಂದರೆ ಬಗ್ಗಿ ಎತ್ತಿಕೊಳ್ಳಲು ಅರ್ಧ ಸೆಕೆಂಡ್ ಹೋಗುತ್ತದೆ. ಓಡಿ ಬರುವ ಡಿಫೆಂಡರ್‌ಗೆ 4–5 ಮೀಟರ್ ದಾಟಲು ಒಂದು ಸೆಕೆಂಡ್ ಸಾಕು. ಖಾಲಿ ಇದ್ದ ಶಾಟ್ ಮುಚ್ಚಿಹೋಗುತ್ತದೆ, ಶೂಟರ್‌ಗೆ ಬೈಗುಳ ಬೀಳುತ್ತದೆ.

ಟೇಬಲ್ ಮೇಲಿನವ, ಬಾಗಲಕೋಟೆ

ಟೀಚರ್ ಹೇಳಿದ್ದರ ಜೊತೆಗೆ ಸ್ಕೋರ್ ಬರೆಯುವ ಟೇಬಲ್ ಕಡೆಯ ಒಂದು ಮಾತು. ಫಿಬಾ ಸ್ಕೋರ್‌ಶೀಟಿನಲ್ಲಿ ಯಾರು ಎಷ್ಟು ಹಾಕಿದ, ಎಷ್ಟು ಫೌಲ್, ಎಷ್ಟು ಟೈಮ್‌ಔಟ್ ಇಷ್ಟಕ್ಕೇ ಜಾಗ. ಅಸಿಸ್ಟ್ ಬರೆಯಲು ಕಾಲಮ್ಮೇ ಇಲ್ಲ. ಪ್ರತ್ಯೇಕ ಸ್ಟ್ಯಾಟ್ಸ್ ಬರೆಯುವವರು ನಮ್ಮ ಕಡೆಯ ಟೂರ್ನಿಗಳಲ್ಲಿ ಇರುವುದು ಅಪರೂಪ. ಹಾಗಾಗಿ ಬಹುಮಾನ ವಿತರಣೆ ಹೊತ್ತಿಗೆ "ಉತ್ತಮ ಆಟಗಾರ" ಕಪ್ ಶೀಟ್ ನೋಡಿ ಹೆಚ್ಚು ಪಾಯಿಂಟ್ ಹಾಕಿದವನಿಗೇ ಹೋಗುತ್ತದೆ. ಹದಿನೇಳು ವರ್ಷದ ಹುಡುಗನಿಗೆ ಶಾಟ್ ಹೊಡಿ, ಕಪ್ ತಗೋ ಎಂದು ನಾವೇ ಹೇಳಿಕೊಟ್ಟಂತೆ.

ಇದನ್ನು ಸರಿಪಡಿಸಲು ದೊಡ್ಡ ಖರ್ಚು ಬೇಡ. ಒಂದು ನೋಟ್‌ಬುಕ್, ಇಬ್ಬರು ಹುಡುಗರು. ಒಬ್ಬ ಆಟ ನೋಡಿ ಹೇಳುವವ, ಇನ್ನೊಬ್ಬ ಬರೆಯುವವ. ಒಬ್ಬನೇ ಎರಡನ್ನೂ ಮಾಡಿದರೆ ಪುಟ ನೋಡುವಾಗ ಒಂದು ಪೊಸೆಷನ್ ಕೈತಪ್ಪುತ್ತದೆ. ಪ್ರತಿ ಆಟಗಾರನ ಎದುರು ಮೊದಲ ಕಾಲಮ್ಮಿನಲ್ಲಿ ಅವನ ಪಾಸ್‌ನಿಂದ ನೇರ ಶಾಟ್ ಆದದ್ದು. ಬಿದ್ದರೆ ತುಂಬಿದ ಚುಕ್ಕೆ, ತಪ್ಪಿದರೆ ಖಾಲಿ ಸೊನ್ನೆ. ಎರಡೂ ಬರೆಯಬೇಕು, ಇದು ಬಹಳ ಮುಖ್ಯ. ಬಿದ್ದದ್ದನ್ನು ಮಾತ್ರ ಎಣಿಸಿದರೆ ಒಳ್ಳೆ ಶೂಟರ್ ಇರುವ ತಂಡದ ಗಾರ್ಡ್ ದೊಡ್ಡವನಾಗಿ ಕಾಣುತ್ತಾನೆ, ಉಳಿದವರು ಸಣ್ಣವರಾಗುತ್ತಾರೆ. ಲೆಬ್ರಾನ್‌ನ ಮಾರ್ಷಲ್ ಪಾಸ್, ಗ್ರೀನ್ ಪಾಸ್ ಎರಡೂ ಅಸಿಸ್ಟ್ ಲೆಕ್ಕಕ್ಕೆ ಬರಲಿಲ್ಲ, ಸೊನ್ನೆ ಲೆಕ್ಕಕ್ಕೆ ಬರುತ್ತವೆ.

ಮುಂದಿನ ಕಾಲಮ್, ಪಾಸಿನ ಹಿಂದಿನ ಪಾಸ್. ಅ ಬ-ಗೆ ಕೊಟ್ಟ, ಬ ತಕ್ಷಣ ಕ-ಗೆ ಕೊಟ್ಟ, ಕ ಹಾಕಿದ. ಅ-ಗೆ ಒಂದು ಗೀಟು. ಸ್ಯಾನ್ ಆಂಟೋನಿಯೊ ಬಗ್ಗೆ ಗುಮ್ಮಟನಾಡು ಹೇಳಿದ್ದು ಈ ಕಾಲಮ್ಮಿನಲ್ಲೇ ಕಾಣುವಂಥದ್ದು. ಅದರ ಪಕ್ಕ ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತು ತಡೆಯುವುದು): ಯಾರ ಸ್ಕ್ರೀನಿನಿಂದ ಶೂಟರ್ ಖಾಲಿ ಆದ ಅಂತ. ಕೊನೆಯದು ಹಿಂದಕ್ಕೆ ಓಡಿದ್ದು. ಬಾಲ್ ಕಳೆದುಕೊಂಡ ಮೇಲೆ ಎದುರಾಳಿಯ ಬಾಲ್ ನಡು ಗೆರೆ ದಾಟುವ ಹೊತ್ತಿಗೆ ಯಾರು ಇನ್ನೂ ಆ ಬದಿಯಲ್ಲೇ ಇದ್ದಾನೋ ಅವನಿಗೆ ಒಂದು ಅಡ್ಡ ಗೀಟು. ನವನಗರದವರ ತಕರಾರು ಈಗ ಅಂಕಿಯಾಗಿ ಸಿಗುತ್ತದೆ.

ನವನಗರ 23, ಬಾಗಲಕೋಟೆ

ಇದು ಛಲೋ ಆತ್ರಿ ಸರ. ಬಾಲ್ ಎಷ್ಟ ಹೊತ್ತು ಹಿಡಕೊಂಡ ಅನ್ನೂದನ್ನ ಹೆಂಗ ಅಳೀಬೇಕು? ಸ್ಟಾಪ್‌ವಾಚ್ ಹಿಡಕೊಂಡು ಕುಂತ್ರ ಬ್ಯಾರೆ ಏನೂ ಕಾಣಂಗಿಲ್ಲ.

ಟೇಬಲ್ ಮೇಲಿನವ, ಬಾಗಲಕೋಟೆ

ಆಟ ನಡೆಯುವಾಗ ಬೇಡ, ವಿಡಿಯೊದಲ್ಲಿ ಮಾಡಿ. ಮೊಬೈಲನ್ನು ನಡು ಗೆರೆಯ ನೇರಕ್ಕೆ, ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಟ್ರೈಪಾಡ್‌ಗೆ ಕಟ್ಟಿ. ನೆಲದ ಮಟ್ಟದಲ್ಲಿ ಇಟ್ಟರೆ ಹತ್ತಿರದವರ ಬೆನ್ನು ಮಾತ್ರ ಕಾಣುತ್ತದೆ. ಜೂಮ್ ಮಾಡಬೇಡಿ, ಬಾಲ್ ಹಿಂದೆ ಕ್ಯಾಮೆರಾ ತಿರುಗಿಸಲೂಬೇಡಿ, ಹತ್ತು ಮಂದಿಯೂ ಚೌಕಟ್ಟಿನೊಳಗೆ ಇರಬೇಕು. 40 ನಿಮಿಷದ ಮ್ಯಾಚ್ ನಿಂತು ನಿಂತು ಒಂದೂವರೆ ಗಂಟೆ ಆಗುತ್ತದೆ. ಫುಲ್ ಎಚ್‌ಡಿಯಲ್ಲಿ ಸುಮಾರು 10–12 ಜಿಬಿ ಜಾಗ ಬೇಕು, ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ. ಮೂರನೇ ಕ್ವಾರ್ಟರ್‌ನಲ್ಲಿ ಸ್ಟೋರೇಜ್ ತುಂಬಿ ರೆಕಾರ್ಡಿಂಗ್ ನಿಲ್ಲುವುದು ಎಲ್ಲ ಕಡೆ ಆಗುವ ತೊಂದರೆ.

ಆಮೇಲೆ ಪ್ರತಿ ಸಲ ಬಾಲ್ ಕೈಗೆ ಬಂದಾಗಿನಿಂದ ಬಿಡುವವರೆಗೆ ಎಣಿಸಿ, 4 ಸೆಕೆಂಡ್ ಮೀರಿದ್ದನ್ನು ಮಾತ್ರ ಗುರುತು ಹಾಕಿ. ಪ್ರತಿಯೊಂದನ್ನೂ ಬರೆಯಲು ಹೋದರೆ ಎರಡನೇ ಕ್ವಾರ್ಟರ್‌ಗೇ ಬೇಸರ ಬಂದು ಕೈಬಿಡುತ್ತೀರಿ. ಬಾಲನ್ನು ಹಿಂದಿನ ಕೋರ್ಟ್‌ನಿಂದ ಮುಂದೆ ತರುವ ಹೊತ್ತು ಸೇರಿಸಬೇಡಿ, ಪಾಯಿಂಟ್ ಗಾರ್ಡ್‌ಗೆ ಅನ್ಯಾಯ ಆಗುತ್ತದೆ.

ಲೆಕ್ಕದ ಗಾರ್ಡ್, ಬೆಳಗಾವಿ

ಒಂದು ಎಚ್ಚರಿಕೆ. ಒಂದು ಮ್ಯಾಚಿನ ಚುಕ್ಕೆ ಸೊನ್ನೆ ನೋಡಿ ಯಾರಿಗೂ ಹಣೆಪಟ್ಟಿ ಕಟ್ಟಬೇಡಿ. ಒಂದು ತಂಡಕ್ಕೆ ಮ್ಯಾಚಿಗೆ 70–80 ಪೊಸೆಷನ್ ಇರುತ್ತವೆ, ಅದರಲ್ಲಿ ಒಬ್ಬ ಗಾರ್ಡ್‌ನ ಪಾಸ್‌ನಿಂದ ನೇರ ಶಾಟ್ ಆಗುವುದು ಹತ್ತು ಹನ್ನೆರಡು ಇರಬಹುದು. ಇಬ್ಬರು ಶೂಟರ್‌ಗಳ ದಿನ ಚೆನ್ನಾಗಿಲ್ಲದಿದ್ದರೆ ಹನ್ನೆರಡರಲ್ಲಿ ಒಂಬತ್ತು ಸೊನ್ನೆ. ಐದಾರು ಮ್ಯಾಚ್ ಕೂಡಿಸಿದ ಮೇಲೆ ಮಾತಾಡಿ. ಎದುರು ತಂಡ ಝೋನ್ (ಜಾಗ ಕಾಯುವ ಡಿಫೆನ್ಸ್) ಆಡಿತೋ, ಮ್ಯಾನ್ ಟು ಮ್ಯಾನ್ (ಒಬ್ಬನಿಗೊಬ್ಬ ಕಾಯುವುದು) ಆಡಿತೋ ಎಂಬುದನ್ನು ಪುಟದ ಮೇಲೆ ಬರೆದಿಡಿ. 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು) ವಿರುದ್ಧ ಡ್ರೈವ್‌ಗಿಂತ ಹೈ ಪೋಸ್ಟ್‌ನವನ (ಫ್ರೀ ಥ್ರೋ ಲೈನಿನ ಹತ್ತಿರ ನಿಂತವನ) ಪಾಸ್‌ಗೇ ಹೆಚ್ಚು ಚುಕ್ಕೆ ಬರುತ್ತವೆ, ಆವತ್ತು ಗಾರ್ಡ್ ಸ್ವಾರ್ಥಿ ಆಗಿಬಿಟ್ಟ ಎಂದಲ್ಲ.

ಲೆಬ್ರಾನ್ ವಿಷಯದಲ್ಲೂ ಇದೇ. ಅವನು ಲೀಗ್‌ಗೆಲ್ಲ ಹೆಚ್ಚು ಅಸಿಸ್ಟ್ ಕೊಟ್ಟ ಹಂಗಾಮು 2019–20, ಮ್ಯಾಚಿಗೆ 10.2, ಅವನಿಗೆ 35 ವರ್ಷ. ಆ ವರ್ಷ ಬಾಲ್ ತರುವ ಕೆಲಸ ಅವನಿಗೇ ಕೊಟ್ಟಿದ್ದರು, ಒಳಗೆ ಆಂಥನಿ ಡೇವಿಸ್ ಇದ್ದ. ಅದಕ್ಕೂ ಮುಂಚೆ ಅವನು ಸ್ವಾರ್ಥಿ ಇದ್ದು ಆ ವರ್ಷ ಬದಲಾದ ಎಂದು ಯಾರೂ ಹೇಳಲಾರರು. ಕೆಲಸ ಬದಲಾಯಿತು, ಅಂಕಿ ಬದಲಾಯಿತು.

ಘಟಪ್ರಭಾ ಫಾರ್ವರ್ಡ್, ಗೋಕಾಕ

ಟೀಚರ್, ಒಂದು ಪ್ರಶ್ನೆ. ಕಾರ್ನರ್‌ನಲ್ಲಿ ನಿಲ್ಲಿಸಿದ ಹುಡುಗರು ಪದೇ ಪದೇ ಗೆರೆ ತುಳಿದು ಔಟ್ ಆಗುತ್ತಿದ್ದಾರೆ. ಪಾಸ್ ಸರಿ ಇರುತ್ತದೆ, ಬಾಲ್ ಎದುರಾಳಿಗೆ ಹೋಗುತ್ತದೆ.

ದೈಹಿಕ ಶಿಕ್ಷಕಿ, ವಿಜಯಪುರ

ಮೊದಲು ನಿಮ್ಮ ಕೋರ್ಟಿನ ಗೆರೆ ಅಳೆದು ನೋಡಿ. ಪೇಂಟ್ ಟ್ರೆಪೀಜಿಯಂ ಆಕಾರದಲ್ಲಿ, ಕೆಳಗೆ ಅಗಲವಾಗಿ ಇದ್ದರೆ ಅದು 2010ಕ್ಕಿಂತ ಹಿಂದಿನ ಗುರುತು. ಅಲ್ಲಿ ತ್ರೀ ಪಾಯಿಂಟ್ ಗೆರೆಯೂ 6.25 ಮೀಟರ್ ಇರುತ್ತದೆ. ಈಗಿನದು 6.75. ಹಳೇ ಗೆರೆಯಲ್ಲಿ ಕಾರ್ನರ್‌ಗೆ ಒಂದು ಮೀಟರಿಗಿಂತ ಹೆಚ್ಚು ಜಾಗ ಸಿಗುತ್ತದೆ. ಹೊಸ ಗೆರೆಯಲ್ಲಿ ಸೈಡ್‌ಲೈನ್‌ಗೂ ತ್ರೀ ಗೆರೆಗೂ ನಡುವೆ 90 ಸೆಂಟಿಮೀಟರ್ ಮಾತ್ರ. ಹಳೇ ಕೋರ್ಟ್‌ನಲ್ಲಿ ಅಭ್ಯಾಸ ಮಾಡಿದವರು ಹೊಸ ಕೋರ್ಟಿಗೆ ಹೋದಾಗ ಹಿಮ್ಮಡಿ ಹೊರಗೆ ಹೋಗುವುದು ಅದಕ್ಕೇ.

ಸೈಡ್‌ಲೈನ್‌ಗೆ ಬೆನ್ನು ಹಾಕಿ ನಿಂತು, ಬಾಲ್ ಬಂದಾಗ ಒಂದು ಹೆಜ್ಜೆ ಹಿಂದೆ ಇಡುವ ಚಟ ಬಿಡಿಸಬೇಕು. ಬೇಸ್‌ಲೈನ್‌ನಿಂದ ಎರಡು ಹೆಜ್ಜೆ ಮೇಲೆ, ಎರಡೂ ಪಾದ 90 ಸೆಂಟಿಮೀಟರ್ ಪಟ್ಟಿಯ ನಡುವೆ, ಕಾಲ್ಬೆರಳು ರಿಂಗಿನ ಕಡೆ. ಬಾಲ್ ಬರುವ ಮೊದಲು ಒಂದು ಸಲ ಕೆಳಗೆ ನೋಡಿಕೊಳ್ಳಲಿ, ಬಂದ ಮೇಲೆ ನೋಡಬಾರದು. ಅಭ್ಯಾಸಕ್ಕೆ ಸುಣ್ಣದ ಪುಡಿಯಲ್ಲಿ ಹೊಸ ಗೆರೆ ಎಳೆದುಕೊಂಡರೆ ಸಾಕು. ಆದರೆ ಸಿಮೆಂಟ್ ನೆಲದ ಮೇಲೆ ಪುಡಿ ಜಾರುತ್ತದೆ, ತೆಳುವಾಗಿ ಕಲಸಿ ಬ್ರಶ್‌ನಿಂದ ಎಳೆದು ಒಣಗಲು ಬಿಡಿ.